ಹವೆ ನಮ್ಮದು, ಅಂಗಳ ಅವರದು

ಈ ಸಲ ರಜೆಗೆ ಬಂದಾಗ ಬಸವನಗುಡಿಯ ಮನೆಯಲ್ಲಿ ದೊಡ್ಡಮ್ಮ ಆಡಿದ ಮಾತು ಇನ್ನೂ ಚುಚ್ಚುತ್ತಿದೆ: “ಏನೋ ಇದು, ಐದು ತುಂಬಿದ್ರೂ ಮಗೂಗೆ ಅ ಆ ಇ ಈ ತಿದ್ದಿಸಿಲ್ವಾ?” ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗ ಆ ಹೊತ್ತಿಗೆ ನಾಲ್ಕು ಗೆರೆಯ ಪುಸ್ತಕದಲ್ಲಿ ಇಂಗ್ಲಿಷ್ ಹೋಂವರ್ಕ್ ಮುಗಿಸುತ್ತಿದ್ದ.

ನಾವಿರುವ ಜರ್ಮನಿಯಲ್ಲಿ ಶಾಲೆ ಶುರುವಾಗುವುದೇ ಸುಮಾರು ಆರನೆಯ ವಯಸ್ಸಿಗೆ. ಅಲ್ಲಿಯವರೆಗೆ ನನ್ನ ಮಗಳು ಹೋಗುವುದು ಕಾಡಿನ ಶಿಶುವಿಹಾರಕ್ಕೆ. 1993ರಲ್ಲಿ ಫ್ಲೆನ್ಸ್‌ಬುರ್ಗ್‌ನಲ್ಲಿ ಇಂಥದ್ದೊಂದಕ್ಕೆ ಸರ್ಕಾರದ ಮನ್ನಣೆ ಸಿಕ್ಕಿತು. ಈಗ ದೇಶದಲ್ಲಿ ಅವುಗಳ ಸಂಖ್ಯೆ ಸಾವಿರ ದಾಟಿದೆ. ಮಳೆ ಬಂದರೂ ಹಿಮ ಬಿದ್ದರೂ ಮಕ್ಕಳು ಹೊರಗೇ ಇರುತ್ತಾರೆ. ಬಿರುಗಾಳಿಯಲ್ಲಿ ಮಾತ್ರ ಮರಗಳ ಕೆಳಗೆ ಸುಳಿಯುವುದಿಲ್ಲ. ಚಾಕು ಹಿಡಿದವರು ಕೂತೇ ಕೆತ್ತಬೇಕು, ಅಲಗು ಮೈಯಿಂದ ಆಚೆಗೆ ಸಾಗಬೇಕು ಎಂಬ ನಿಯಮ ಕಲಿಸಿ, ಈ ಪುಟ್ಟ ಮಕ್ಕಳ ಕೈಗೆ ನಿಜವಾದ ಚಾಕುವನ್ನೇ ಕೊಡುತ್ತಾರೆ. ಮೊದಲ ದಿನ ನನ್ನ ಎದೆ ನಡುಗಿತ್ತು. ಆದರೆ ಮಗಳು ಕಡ್ಡಿಯ ತೊಗಟೆ ಸುಲಿಯುವಾಗ ತೋರುವ ಏಕಾಗ್ರತೆಯನ್ನು ಯಾವ ಹೋಂವರ್ಕ್ ಪುಸ್ತಕದ ಮುಂದೆಯೂ ನಾನು ಕಂಡಿಲ್ಲ.

ನನಗೆ ಸಂಕಟವಾಗುವುದು ಇಲ್ಲೇ. ಜರ್ಮನಿಯ ಚಳಿಯಲ್ಲಿ ಕೈ ಮರಗಟ್ಟುತ್ತಿದ್ದರೂ ಮಕ್ಕಳನ್ನು ಹೊರಗೆ ಬಿಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ವರ್ಷದ ಬಹುಪಾಲು ಹಿತವಾದ ಹವೆಯಿರುವ ಬೆಂಗಳೂರಿನಲ್ಲಿ ಅವರನ್ನು ಒಳಗೆ ಕೂರಿಸುತ್ತೇವೆ. ಮೂವತ್ತು-ನಲವತ್ತು ಅಡಿ ಸೈಟಿನ ಮನೆಗಳೇ ಪ್ರೀಸ್ಕೂಲುಗಳಾಗಿ, ಉಳಿದ ಚೂರು ಅಂಗಳಕ್ಕೂ ಪ್ಲಾಸ್ಟಿಕ್ ಹುಲ್ಲು ಹಾಸಿರುವುದನ್ನು ನೋಡಿದೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಲಾಲ್‌ಬಾಗಿನ ಬಂಡೆ ಊರ ನಡುವೆಯೇ ಇದೆ. ಅದನ್ನು ಹತ್ತಿಳಿದು ಅಂಗೈಯಿಂದ ಮುಟ್ಟಿ ನೋಡುವುದೂ ಪಾಠವೇ ಎಂದು ನಮಗೇಕೆ ಅನ್ನಿಸುವುದಿಲ್ಲ?

ಇದನ್ನೆಲ್ಲ ಪರದೇಶದಿಂದ ತರಬೇಕಾಗಿಯೂ ಇಲ್ಲ. ಆಂಧ್ರದ ಋಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮಕ್ಕಳು ತಮ್ಮ ಗುಂಪನ್ನು ಸೂಚಿಸುವ ತಟ್ಟೆಯ ಸುತ್ತ ನೆಲದ ಮೇಲೆ ಕೂತು, ಕಾರ್ಡು ಹಿಡಿದು, ಹಾಡಿ, ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯನ್ನು ತಮ್ಮ ವೇಗದಲ್ಲೇ ಏರುತ್ತಾರೆ. ಅದು ರಾಜ್ಯದಾದ್ಯಂತ ಹರಡಿತು. ಆದರೆ ನಮ್ಮ ಮಧ್ಯಮ ವರ್ಗ ಆ ಶಾಲೆಗಳ ಕಡೆ ತಿರುಗಿಯೂ ನೋಡದೆ, ಲಕ್ಷಗಟ್ಟಲೆ ಶುಲ್ಕ ತೆತ್ತು ಮಗುವನ್ನು ಬೆಂಚಿಗೆ ಕಟ್ಟಿಹಾಕುತ್ತಿದೆ.

ಇಷ್ಟು ಹೇಳಿದ ಮೇಲೆ ಒಂದೆರಡು ಮಾತು ಒಪ್ಪಲೇಬೇಕು. ಮಗಳ ಶಿಶುವಿಹಾರ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಹೆಂಡತಿ ಅರ್ಧ ದಿನದ ಕೆಲಸಕ್ಕೆ ಇಳಿದದ್ದರಿಂದಲೇ ನಮಗದು ಸಾಧ್ಯವಾಯಿತು. ಇಬ್ಬರೂ ದುಡಿದು ಮನೆಸಾಲ ಕಟ್ಟುವ ಬೆಂಗಳೂರಿನ ದಂಪತಿಗೆ ಹಾಗೆ ಮಾಡಿ ಎನ್ನುವ ಅಧಿಕಾರ ನನಗಿಲ್ಲ. ಇನ್ನೊಂದು ಮಾತು: ಪಕ್ಕದ ಮನೆಯ ಆ ಹುಡುಗ ಅಮ್ಮನೊಡನೆ ಕನ್ನಡ, ಅಜ್ಜಿಯೊಡನೆ ತೆಲುಗು, ಗೆಳೆಯರೊಡನೆ ಹಿಂದಿ ಆಡುತ್ತಾನೆ. ಅದನ್ನು ಯಾವ ಶಾಲೆಯೂ ಅವನಿಗೆ ಕಲಿಸಲಿಲ್ಲ, ಬೀದಿಯೇ ಕಲಿಸಿತು. ಆ ಬೀದಿ ನನ್ನ ಮಗಳಿಗೆ ಜರ್ಮನಿಯ ಕಾಡಿನಲ್ಲಿ ಸಿಗುವುದಿಲ್ಲ.