ಬಾಟಲಿ ಎಸೆಯುವ ಮುಂಚೆ ಬ್ಯಾಚ್ ನಂಬರ್ ಬರೆದುಕೊಳ್ಳಿ

ಅಕ್ಕನ ಮಗನಿಗೆ ಹೀಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಹೋದ ವಾರ ಮಂಡಿಯೊಳಗೆ ರಕ್ತ ಸೋರಿ ಊದಿಕೊಂಡಿತ್ತು. ಸಕಲೇಶಪುರದಿಂದ ಹಾಸನಕ್ಕೆ ಕರೆತಂದು, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಔಷಧಿ ಹಾಕಿಸಿದೆವು. ಆಸ್ಪತ್ರೆಯ ಹೆಸರು ಬೇಡ. ಅವರು ಮಗುವನ್ನು ಚೆನ್ನಾಗೇ ನೋಡಿಕೊಂಡರು. ಆದರೆ ಚೀಟಿಯಲ್ಲಿ ಬ್ಯಾಚ್ ನಂಬರ್ ಬರೆದುಕೊಡಿ ಸಿಸ್ಟರ್ ಅಂದಾಗ, "ಅದೆಲ್ಲ ಯಾಕೆ ಸಾರ್, ಟೆಸ್ಟ್ ಆಗಿಯೇ ಬಂದಿರುತ್ತೆ" ಅಂದರು. ಅಷ್ಟರಲ್ಲಿ ಬಾಟಲಿ ಕಸದ ಡಬ್ಬಿ ಸೇರಿತ್ತು.

ಟೆಸ್ಟ್ ಆಗಿರುತ್ತದೆ, ನಿಜ. ಆ ಟೆಸ್ಟ್ ಹೇಗೆ ನಡೆಯುತ್ತದೆ ಅಂತ ಓದಿಕೊಂಡ ಮೇಲೆಯೇ ನನಗೆ ಈ ನಂಬರ್ ಮುಖ್ಯ ಅನ್ನಿಸಿದ್ದು.

ಪ್ಲಾಸ್ಮಾದಿಂದ, ಅಂದರೆ ರಕ್ತದಲ್ಲಿರುವ ಹಳದಿ ದ್ರವದಿಂದ, ಮಾಡುವ ಫ್ಯಾಕ್ಟರ್ ಒಬ್ಬರ ರಕ್ತದಿಂದ ಬರುವುದಿಲ್ಲ. ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟಿಗೆ ಬೆರೆಸುತ್ತಾರೆ. ನಮ್ಮೂರ ಡೇರಿ ಇದೆಯಲ್ಲ, ಹಾಗೆ. ಒಂದು ಮನೆಯ ಹಾಲು ಕೆಟ್ಟಿದ್ದರೂ ಕ್ಯಾನಿನ ಹಾಲೆಲ್ಲ ಹೋಯಿತು. 1970, 80ರ ದಶಕಗಳಲ್ಲಿ ಆಗಿದ್ದು ಅದೇ. ಬ್ರಿಟನ್ ಒಂದರಲ್ಲೇ ರಕ್ತಸ್ರಾವದ ಕಾಯಿಲೆಯಿದ್ದ ಸುಮಾರು 1,250 ಜನರಿಗೆ ಎಚ್‌ಐವಿ ತಗುಲಿತು. ಅವರಲ್ಲಿ ನಮ್ಮ ಹುಡುಗನಂಥ ಮಕ್ಕಳೂ ಇದ್ದರು. ಅಲ್ಲಿನ ವಿಚಾರಣೆಯ ಪೂರ್ತಿ ವರದಿ ಬಂದಿದ್ದು 2024ರಲ್ಲಿ. ಅಷ್ಟು ವರ್ಷ ಕಾಯಬೇಕಾಯಿತು ಆ ಅಪ್ಪ ಅಮ್ಮಂದಿರು.

ಈಗ ಒಬ್ಬೊಬ್ಬ ದಾನಿಯ ಪ್ಲಾಸ್ಮಾವನ್ನೂ ಪರೀಕ್ಷಿಸುತ್ತಾರೆ, ಬೆರೆಸಿದ ಮೇಲೆ ಮತ್ತೊಮ್ಮೆ ನೋಡುತ್ತಾರೆ. ಆದರೂ ಸೋಂಕು ತಗುಲಿದ ಹೊಸದರಲ್ಲಿ ವೈರಸ್ ತೀರಾ ಕಡಿಮೆ ಇರುತ್ತದೆ, ಕೈಗೆ ಸಿಗುವುದಿಲ್ಲ. ಯಾರೂ ಹುಡುಕದ ವೈರಸ್ ಅಂತೂ ಸಿಗುವುದೇ ಇಲ್ಲ, ಅಲ್ವಾ? ಅದಕ್ಕೇ ಔಷಧಿ ತಯಾರಿಸುವಾಗಲೇ ವೈರಸ್ ಕೊಲ್ಲುವ ಹಂತಗಳನ್ನು ಇಡುತ್ತಾರೆ. ಸಾಲ್ವೆಂಟ್ ಮತ್ತು ಡಿಟರ್ಜೆಂಟ್ ಹಾಕಿದರೆ ವೈರಸ್ಸಿನ ಮೇಲಿನ ಕೊಬ್ಬಿನ ಪದರ ಕರಗುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಅಲ್ಲಿಗೆ ಮುಗಿದವು. ಹೆಪಟೈಟಿಸ್ ಎ ಮತ್ತು ಪಾರ್ವೊವೈರಸ್‌ಗೆ ಆ ಪದರವೇ ಇಲ್ಲ. ಅವನ್ನು ಹಿಡಿಯಲು ಕೆಲವು ಕಡೆ 20 ನ್ಯಾನೋಮೀಟರ್‌ನಷ್ಟು ಸಣ್ಣ ತೂತಿನ ಫಿಲ್ಟರ್ ಬಳಸುತ್ತಾರೆ.

ನನಗೆ ಜಾಸ್ತಿ ಧೈರ್ಯ ಕೊಟ್ಟಿದ್ದು ಇನ್ನೊಂದು ವಿಷಯ. ಈ ಹಂತಗಳು ಕೆಲಸ ಮಾಡುತ್ತವೆ ಅಂತ ಸುಮ್ನೆ ನಂಬುವುದಿಲ್ಲ. ಬೇರೆ ಲ್ಯಾಬ್‌ನಲ್ಲಿ ಅದೇ ಹಂತವನ್ನು ಚಿಕ್ಕದಾಗಿ ಮಾಡಿ, ಬೇಕಂತಲೇ ಅದಕ್ಕೆ ವೈರಸ್ ಬೆರೆಸಿ, ಕೊನೆಗೆ ಎಷ್ಟು ಉಳಿಯಿತು ಅಂತ ಎಣಿಸುತ್ತಾರೆ. ಹತ್ತು ಸಾವಿರಕ್ಕೆ ಒಂದು ಉಳಿದರೆ, ನಾಲ್ಕು ಸೊನ್ನೆ ಲೆಕ್ಕದಲ್ಲಿ 4 ಲಾಗ್ ಇಳಿಕೆ ಅನ್ನುತ್ತಾರೆ.

ರಕ್ತವಿಲ್ಲದೆ ಜೀವಕೋಶ ಬೆಳೆಸಿ ಮಾಡುವ ಔಷಧಿಗೂ ಈ ಕಾಟ ತಪ್ಪಿಲ್ಲ. 2009ರಲ್ಲಿ ಬಾಸ್ಟನ್‌ನ ಕಾರ್ಖಾನೆಯೊಂದರಲ್ಲಿ ವೆಸಿವೈರಸ್ ಸೇರಿಕೊಂಡು ತಯಾರಿಕೆ ನಿಂತಿತು. ಗೋಶೆ ಅನ್ನುವ ಅಪರೂಪದ ಆನುವಂಶಿಕ ಕಾಯಿಲೆಯವರಿಗೆ ತಿಂಗಳುಗಟ್ಟಲೆ ಔಷಧಿಯ ಕೊರತೆ.

ಇಷ್ಟೆಲ್ಲ ಮಾಡಿಯೂ ನಾಳೆ ಯಾವುದೋ ಬ್ಯಾಚಿನಲ್ಲಿ ತೊಂದರೆ ಇದೆ ಅಂತ ಗೊತ್ತಾದರೆ, ಕಾರ್ಖಾನೆಯವರು ಹೇಳುವುದು ಒಂದು ನಂಬರ್. ಅದು ಯಾವ ಮಗುವಿನ ಮೈಗೆ ಹೋಯಿತು ಅಂತ ಹೇಳಬೇಕಾದವರು ನಾವು ಮತ್ತು ಆಸ್ಪತ್ರೆ. ಬಾಟಲಿಯನ್ನೇ ಎಸೆದರೆ ಆ ಎಳೆ ಅಲ್ಲಿಗೇ ತುಂಡಾಯಿತು. ಇದು ಒಂದು ನಿಮಿಷದ ಕೆಲಸ. ಹಾಸನ, ಚಿಕ್ಕಮಗಳೂರಿನ ಸಿಸ್ಟರ್‌ಗಳೇ, ದಯವಿಟ್ಟು ಮಾಡಿಕೊಡಿ.

ನಿನ್ನೆ ಎರಡನೇ ಡೋಸ್ ಇತ್ತು. ಹುಡುಗ ತನ್ನ ಹಳೇ ಲೆಕ್ಕದ ನೋಟ್‌ಬುಕ್ ತಂದಿದ್ದ. ಬೇರೆ ಸಿಸ್ಟರ್ ಇದ್ದರು. ಕೇಳಿದ ತಕ್ಷಣ ಬಾಟಲಿಯ ಲೇಬಲ್ ಕಿತ್ತು ಕೊಟ್ಟರು. ಅವನೇ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದ.