ಎರಡು ಜಿಬಿ ರ‍್ಯಾಮ್ ಇರೋ ಫೋನು ಫೋನೇ ಅಲ್ವಾ?

ಊರವರು ಹಕ್ಕು ಕೇಳೋ ಕಾಡಿನ ಗಡಿಯನ್ನ ಅರಣ್ಯ ಹಕ್ಕು ಸಮಿತಿಯವರು ಫೋನಿನ ಜಿಪಿಎಸ್ ಆ್ಯಪ್ ಹಿಡಿದು, ನಡೆದು ಗುರುತಿಸ್ತಾರೆ. ಆ ನಕ್ಷೆಯಲ್ಲಿ ಗಡಿ ಉದ್ದಕ್ಕೆ ನೇರ ಗೆರೆ ಬಂದರೆ ಸಾಕು, 'ಕೂತಲ್ಲೇ ಗುರುತು ಹಾಕಿದಾರೆ' ಅಂತ ಬೈಗುಳ ಶುರು. ಹಳ್ಳ, ಬಂಡೆ, ದೇವರಕಾಡು ಎಲ್ಲ ಸುತ್ತಿ ನಡೆದವರಿಗೆ ಈ ಮಾತು! ಆಗಿದ್ದಿಷ್ಟೇ: ಸ್ಕ್ರೀನ್ ಆರಿತು, ಅಗ್ಗದ ಫೋನಿನ ಬ್ಯಾಟರಿ ಸೇವರ್ ಆ್ಯಪನ್ನೇ ಮುಚ್ಚಿತು. ಮತ್ತೆ ತೆರೆದಾಗ ಆ್ಯಪ್ ಹಳೇ ಬಿಂದುವಿಂದ ಹೊಸ ಬಿಂದುವಿಗೆ ಸೀದಾ ಗೆರೆ ಎಳೆಯಿತು. ಒಂದು ಎಚ್ಚರಿಕೆ ಇಲ್ಲ, ಗೆರೆಗೆ ಬೇರೆ ಬಣ್ಣವೂ ಇಲ್ಲ. ಆ ಗೆರೆಯಾಚೆ ಉಳಿದುಹೋದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಊರವರು ಕೇಳುತ್ತಿರೋ ಕಾಡು.

ಹೊರಡೋ ಮುಂಚೆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗಲ್ಲಿ ನಿರ್ಬಂಧ ತೆಗೀಬೇಕು, ಆಟೋಸ್ಟಾರ್ಟ್ (ಆ್ಯಪ್ ತಾನಾಗಿ ಶುರುವಾಗೋ ಅನುಮತಿ) ಆನ್ ಮಾಡಬೇಕು. ಇದನ್ನ ಆ್ಯಪ್ ತಾನಾಗಿ ಕೇಳಬಾರದಾ? ಬಿಂದುಗಳ ನಡುವಿನ ಅಂತರ 5 ಸೆಕೆಂಡ್ ಇರಲಿ. 20 ಇಟ್ಟರೆ ನಡಿಗೆಯಲ್ಲಿ ಇಪ್ಪತ್ತು ಮೀಟರಿಗೂ ಹೆಚ್ಚು ಹಾರುತ್ತೆ, ಹಳ್ಳದ ತಿರುವೆಲ್ಲ ಮಾಯ.

ಜಿಪಿಎಸ್ ಉಪಗ್ರಹ ಕಳಿಸೋದು ಸೆಕೆಂಡಿಗೆ 50 ಬಿಟ್. ತನ್ನ ಕಕ್ಷೆಯ ವಿವರವನ್ನು ಪ್ರತಿ 30 ಸೆಕೆಂಡಿಗೊಮ್ಮೆ ಹೇಳುತ್ತೆ. ಅದು ಸಿಗದೆ ಫೋನಿಗೆ ತಾನೆಲ್ಲಿದೆ ಅಂತ ಗೊತ್ತಾಗಲ್ಲ. ನೆಟ್ ಇದ್ದರೆ ಫೋನ್ ಅದನ್ನ ನೆಟ್‌ನಿಂದಲೇ ತರುತ್ತೆ. ಕಾಡಲ್ಲಿ ನೆಟ್ ಇಲ್ಲ, ಎಲೆ ಅಡ್ಡ ಬಂದು ತುಂಡಾದರೆ ಮುಂದಿನ ಸುತ್ತಿಗೆ ಕಾಯಬೇಕು. ಅದಕ್ಕೇ ಊರಿನ ಬಯಲಲ್ಲಿ, ನೆಟ್ ಇರುವಾಗಲೇ ಲೊಕೇಷನ್ ಹಿಡಿಸಿ ಹೊರಡಬೇಕು. ಇದನ್ನ ಯಾವ ತರಬೇತಿಯಲ್ಲೂ ಹೇಳಲ್ಲ. ಆ್ಯಪ್ ಸುಮ್ಮನೆ ಚಕ್ರ ತಿರುಗಿಸುತ್ತೆ, ಜನ ಫೋನ್ ಕೆಟ್ಟಿದೆ ಅಂದ್ಕೋತಾರೆ.

ಆಫ್‌ಲೈನ್ ನಕ್ಷೆ ಕೊಡೋರಿಗೆ ಲೆಕ್ಕವೇ ಬೇಡ. ನಮ್ಮ ಕಡೆ ಹತ್ತು ಕಿಲೋಮೀಟರ್ ಉದ್ದಗಲದ ಜಾಗಕ್ಕೆ 17ನೇ ಜೂಮಲ್ಲಿ (ನಕ್ಷೆ ಹಿಗ್ಗಿಸೋ ಮಟ್ಟ) ಸುಮಾರು 1,100 ಟೈಲ್ (ನಕ್ಷೆಯ ಚೌಕ ತುಂಡು), 18ರಲ್ಲಿ 4,500, 19ರಲ್ಲಿ 18,000. ಪ್ರತಿ ಮೆಟ್ಟಿಲಿಗೂ ನಾಲ್ಕು ಪಟ್ಟು! ಗಡಿ ನಡೆಯೋಕೆ 17 ಸಾಕು. 32 ಜಿಬಿ ಫೋನಲ್ಲಿ ಮೊಮ್ಮಗಳ ಫೋಟೋ ಅಳಿಸಿ ಜಾಗ ಮಾಡ್ಕೊಳ್ಳಿ ಅನ್ನೋಕೆ ಇವರ‍್ಯಾರು?

ಎಲ್ಲಕ್ಕಿಂತ ಹೊಟ್ಟೆ ಉರಿಸೋದು ಫೋಟೋ. ಗಡಿಕಲ್ಲಿನ ಚಿತ್ರ ತೆಗೆಯೋಕೆ ಕ್ಯಾಮೆರಾ ತೆರೆದರೆ 2 ಜಿಬಿ ರ‍್ಯಾಮ್ ಸಾಲದೆ ಹಿಂದಿದ್ದ ಆ್ಯಪ್ ಸಾಯುತ್ತೆ, ಅರ್ಧ ತುಂಬಿದ ಫಾರಂ ಹೋಯ್ತು. ಪ್ರತಿ ಉತ್ತರವನ್ನೂ ಆಗಿಂದಾಗ್ಗೆ ಫೋನಲ್ಲೇ ಉಳಿಸೋದು ಅಷ್ಟು ಕಷ್ಟನಾ? ಒಡಿಕೆ (ಫೋನಲ್ಲಿ ಮಾಹಿತಿ ತುಂಬೋ ಆ್ಯಪ್) ಫಾರಂ ಮಾಡೋರು ಫೋಟೋ ಪ್ರಶ್ನೆಗೆ ಮ್ಯಾಕ್ಸ್-ಪಿಕ್ಸೆಲ್ಸ್ 1024 ಅಂತ, ಅಂದರೆ ಚಿತ್ರದ ಉದ್ದ ಬದಿಗೆ ಮಿತಿ, ಹಾಕಿದರೆ ನಾಲ್ಕು ಎಂಬಿ ಚಿತ್ರ ಕೆಲವು ನೂರು ಕೆಬಿಗೆ ಇಳಿಯುತ್ತೆ. ಅದನ್ನೂ ಹಾಕಲ್ಲ, ಬೆಟ್ಟದ ಮೇಲಿನ ಒಂದು ಕಡ್ಡಿ ಸಿಗ್ನಲಲ್ಲಿ ಅಪ್‌ಲೋಡ್ ನಿಂತುಹೋಗುತ್ತೆ.

ಇದನ್ನೆಲ್ಲ ಹೇಳಿದರೆ ಆ್ಯಪ್ ಮಾಡೋರಿಂದ ಬರೋ ಉತ್ತರ, 'ಒಳ್ಳೇ ಫೋನ್ ತಗೊಳ್ಳಿ.' ಮೊದಲು ನೀವು 2 ಜಿಬಿ ಫೋನ್ ತಗೊಳ್ಳಿ. ಏರೋಪ್ಲೇನ್ ಮೋಡ್ ಹಾಕಿ, ಸ್ಕ್ರೀನ್ ಆರಿಸಿ, ಮರಗಳ ನಡುವೆ ಒಂದು ಗಂಟೆ ನಡೀರಿ. ಗೆರೆ ಪೂರ್ತಿ ಬರದಿದ್ದರೆ ಆ ಆ್ಯಪನ್ನ ಊರಿಗೆ ಕಳಿಸಬೇಡಿ.