ಅವಕಾಶ ಇನ್ನೂ ಇದೆಯಂತೆ

ನಮ್ಮ 17 ವರ್ಷದೊಳಗಿನ ಫುಟ್‌ಬಾಲ್ ಹುಡುಗರು 2025ರ ನವೆಂಬರ್ 30ರಂದು ಅಹಮದಾಬಾದಿನಲ್ಲಿ ಇರಾನನ್ನು 2-1ರಿಂದ ಸೋಲಿಸಿ ತಮ್ಮ ವಯಸ್ಸಿನವರ ಏಷ್ಯಾ ಕಪ್‌ಗೆ ಜಾಗ ಹಿಡಿದುಬಿಟ್ಟರಲ್ಲ, ಅದು ತುಂಬಾ ಬೇಜವಾಬ್ದಾರಿಯ ಕೆಲಸ. ಫುಟ್‌ಬಾಲ್ ಫೆಡರೇಶನ್‌ನ ಹಿರಿಯರನ್ನು ಒಂದು ಮಾತು ಕೇಳಬೇಡವಾ? ಸೋತರೆ ಏನು ಹೇಳಬೇಕು ಅನ್ನೋದು ಅಲ್ಲಿ ಎಲ್ಲರಿಗೂ ಬಾಯಿಪಾಠ. ಹುಡುಗರು ಹೋರಾಡಿದರು, ಒಳ್ಳೇ ಅನುಭವ ಸಿಕ್ಕಿತು, ಅವಕಾಶ ಇನ್ನೂ ಇದೆ. ಗೆದ್ದರೆ ಏನು ಹೇಳಬೇಕು ಅಂತ ಪಾಪ ಯಾರೂ ಬರೆದಿಟ್ಟುಕೊಂಡಿರಲಿಲ್ಲ.

ಅದೂ ಎಂಥಾ ಗೆಲುವು. ಗುಂಪಿನಲ್ಲಿ ಮೊದಲು ಬಂದವರಿಗೆ ಮಾತ್ರ ಜಾಗ. ಪ್ಯಾಲೆಸ್ಟೈನ್ ಜೊತೆ 1-1, ಚೈನೀಸ್ ತೈಪೆ ಮೇಲೆ 3-1, ಲೆಬನಾನ್ ಕೈಲಿ 0-2ರ ಏಟು. ಕೊನೆಯ ಆಟದಲ್ಲಿ ಇರಾನ್‌ಗೆ ಡ್ರಾ ಸಾಕಿತ್ತು, ನಮಗೆ ಗೆಲುವೇ ಬೇಕಿತ್ತು. ಮೊದಲ ಗೋಲು ಇರಾನ್ ಹೊಡೆಯಿತು. ಸಾಮಾನ್ಯವಾಗಿ ಇಲ್ಲಿಗೆ ನಾವು ಟಿವಿ ಆಫ್ ಮಾಡುತ್ತೇವೆ. ಈ ಸಲ ಆ ಕಷ್ಟವೂ ಇರಲಿಲ್ಲ, ಯಾರೂ ಆನ್ ಮಾಡಿರಲೇ ಇಲ್ಲ. ಅಷ್ಟರಲ್ಲಿ ದಲ್ಲಾಲ್‌ಮುವಾನ್ ಗಾಂಗ್ಟೆ ಪೆನಾಲ್ಟಿಯಲ್ಲಿ ಸಮ ಮಾಡಿದ, ವಿರಾಮ ಮುಗಿದ ಮೇಲೆ ಗುನ್‌ಲೈಬಾ ವಾಂಗ್‌ಖೈರಕ್ಪಮ್ ಇನ್ನೊಂದು ಹೊಡೆದ. ಇಬ್ಬರೂ ಮಣಿಪುರದವರು. 2023ರ ಮೇ ತಿಂಗಳಿಂದ ಆ ಮಣಿಪುರ ಉರಿಯುವಾಗ ನಾವೆಲ್ಲ ಏನು ಮಾಡುತ್ತಿದ್ದೆವು ಅನ್ನೋದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ, ಬಿಡಿ.

ಇದಕ್ಕೆ 12 ದಿನ ಮುಂಚೆ ಢಾಕಾದಲ್ಲಿ ಅಣ್ಣಂದಿರ ತಂಡ ಬಾಂಗ್ಲಾದೇಶಕ್ಕೆ 0-1ರಲ್ಲಿ ಸೋತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಫಿಫಾ ರ‍್ಯಾಂಕಿಂಗ್ 142ಕ್ಕೆ ಬಂತು. ಆ ಅಣ್ಣಂದಿರಿಗೆ 2027ರ ಏಷ್ಯಾ ಕಪ್‌ನ ಬಾಗಿಲು ಅಕ್ಟೋಬರ್‌ನಲ್ಲೇ ಮುಚ್ಚಿತ್ತು, ಮಡಗಾಂವ್‌ನಲ್ಲಿ, ನಮ್ಮದೇ ಅಂಗಳದಲ್ಲಿ, ಸಿಂಗಾಪುರದ ಕೈಲಿ.

ಈಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಹುಡುಗರು ವಿಶ್ವಕಪ್‌ಗೆ ಹೋಗುತ್ತಾರಾ? ಎಲ್ಲರ ಅಂದರೆ ಸುಮಾರು ನಲವತ್ತು ಜನ, ಇರಲಿ. 2026ರ ಮೇ ತಿಂಗಳಲ್ಲಿ ಸೌದಿ ಅರೇಬಿಯಾದಲ್ಲಿ ಅವರ ಏಷ್ಯಾ ಕಪ್. 16 ತಂಡ, ನಾಲ್ಕು ಗುಂಪು, ಪ್ರತಿ ಗುಂಪಿನಿಂದ ಇಬ್ಬರು ಮುಂದೆ. ಕ್ವಾರ್ಟರ್ ಫೈನಲ್ ಮುಟ್ಟಿದರೆ ಸಾಕು, 17ರೊಳಗಿನವರ ವಿಶ್ವಕಪ್‌ಗೆ ನೇರ ಪ್ರವೇಶ. ಫಿಫಾ ಈಗ ಈ ವಿಶ್ವಕಪ್ಪನ್ನು ಪ್ರತಿ ವರ್ಷ ಮಾಡಿದೆ, ತಂಡಗಳನ್ನು 48ಕ್ಕೆ ಏರಿಸಿದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಳಗೆ ಬಿದ್ದ ವರ್ಷ ಗ್ರೇಸ್ ಮಾರ್ಕ್ಸ್ ಏರಿಸಿದ ಹಾಗೆ. 2018ರಲ್ಲಿ ಇದೇ ಕೋಚ್ ಬಿಬಿಯಾನೊ ಫರ್ನಾಂಡಿಸ್ ಹುಡುಗರನ್ನು ಕ್ವಾರ್ಟರ್ ಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದರು. ದಕ್ಷಿಣ ಕೊರಿಯಾ ಎದುರು 0-1. ಆಗ ಸೆಮಿಫೈನಲ್ ಮುಟ್ಟಿದವರಿಗೆ ಮಾತ್ರ ಟಿಕೆಟ್. ಒಂದೇ ಒಂದು ಗೋಲು! ಆಗ ಆ ಮಕ್ಕಳು ಅತ್ತರು, ಈಗಿನ ನಿಯಮದಲ್ಲಿ ನಗುತ್ತಾ ವಿಮಾನ ಹತ್ತುತ್ತಿದ್ದರು.

ಆದರೂ ಒಂದು ಬೇಜಾರು. ಇರಾನ್ ಆಟದಲ್ಲಿ ಗೆದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವ ಹಾಗಾಗಿ ನಮಗೆ ಕ್ಯಾಲ್ಕುಲೇಟರ್ ಹೊರಗೆ ತೆಗೆಯಲು ಆಗಲೇ ಇಲ್ಲ. ಭಾರತೀಯ ಫುಟ್‌ಬಾಲ್ ಅಭಿಮಾನಿಯ ನಿಜವಾದ ಆಟ ಅದೇ ತಾನೆ. ಸೆಪ್ಟೆಂಬರ್‌ನಲ್ಲಿ 23ರೊಳಗಿನವರ ಏಷ್ಯಾ ಕಪ್‌ಗೆ ಅರ್ಹತಾ ಪಂದ್ಯಗಳಿದ್ದವು ದೋಹಾದಲ್ಲಿ. ಬಹ್ರೇನ್ ಮೇಲೆ 2-0, ಕತಾರ್ ಎದುರು 1-2, ಬ್ರೂನೈ ಮೇಲೆ 6-0. ಗುಂಪಿನಲ್ಲಿ ಎರಡನೇ ಸ್ಥಾನ. ಹನ್ನೊಂದು ಗುಂಪು, ಎರಡನೇ ಸ್ಥಾನದವರಲ್ಲಿ ಅತ್ಯುತ್ತಮ ನಾಲ್ಕು ತಂಡಕ್ಕೆ ಅವಕಾಶ. ಅವತ್ತು ರಾತ್ರಿ ನನ್ನ ವಾಟ್ಸ್ಯಾಪ್ ಗುಂಪಿನಲ್ಲಿ ನಡೆದ ಲೆಕ್ಕ ನೋಡಬೇಕಿತ್ತು. ಆ ಗುಂಪಿನಲ್ಲಿ ಅವರು ಇವರನ್ನು ಸೋಲಿಸಬೇಕು, ಆದರೆ ಜಾಸ್ತಿ ಸೋಲಿಸಬಾರದು, ಈ ಗುಂಪಿನಲ್ಲಿ ಡ್ರಾ ಆಗಬೇಕು, ಗೋಲುಗಳ ಅಂತರ ಇಷ್ಟರೊಳಗೆ ಇರಬೇಕು, ಹೀಗೆ ನಾವು ಯಾವತ್ತೂ ಹೆಸರು ಕೇಳದ ಹುಡುಗರಿಗೆ, ಮ್ಯಾಪಿನಲ್ಲಿ ಹುಡುಕಬೇಕಾದ ದೇಶಗಳಿಗೆ ಮಧ್ಯರಾತ್ರಿವರೆಗೂ ಹರಕೆ ಹೊತ್ತೆವು. ಸಿಗಲಿಲ್ಲ. ಆ ಟೂರ್ನಿ ಶುರುವಾದಾಗಿನಿಂದ ನಾವು ಒಮ್ಮೆಯೂ ಹೋಗಿಲ್ಲ. ಲೆಕ್ಕದಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿಲ್ಲ. ಹೇಗೆ ಮೀರಿಸುತ್ತಾರೆ? ನಾವು ಓದಿದ ಶಾಲೆಗಳಲ್ಲಿ ಪಿ.ಟಿ. ಪಿರಿಯಡ್ ಎತ್ತಿಕೊಂಡು ಹೋಗುತ್ತಿದ್ದವರು ಗಣಿತದ ಮೇಷ್ಟ್ರೇ.

ಹುಡುಗಿಯರ ಕಥೆ ಹೇಳಿದರೆ ಇನ್ನೂ ಮುಜುಗರ. ಹಿರಿಯರು, 20ರೊಳಗಿನವರು, 17ರೊಳಗಿನವರು, ಮೂರೂ ತಂಡ 2025ರಲ್ಲಿ ಅರ್ಹತಾ ಪಂದ್ಯ ಗೆದ್ದು ತಮ್ಮ ತಮ್ಮ ಏಷ್ಯಾ ಕಪ್‌ಗೆ ಹೋದವು. ಹಿರಿಯರು ಥಾಯ್ಲೆಂಡನ್ನು ಅವರ ಊರಲ್ಲೇ 2-1ರಿಂದ ಮುಗಿಸಿದರು. ಯಾರೂ ಗಮನ ಕೊಡಲಿಲ್ಲ. ಅದಕ್ಕೇ ಗೆದ್ದರೋ ಏನೋ.

ಗಮನ ಕೊಟ್ಟರೆ ಏನಾಗುತ್ತದೆ ಅಂತ ಡಿಸೆಂಬರ್ 13ರಂದು ಕೋಲ್ಕತ್ತ ತೋರಿಸಿತಲ್ಲ. ಇರಾನ್ ಪಂದ್ಯ ಆಗಿ ಎರಡು ವಾರವೂ ಆಗಿರಲಿಲ್ಲ, ಮೆಸ್ಸಿ ಬಂದರು. ಆಡಲಿಕ್ಕಲ್ಲ. ಕೈ ಬೀಸಲಿಕ್ಕೆ. ಸಾವಿರಾರು ರೂಪಾಯಿ ಕೊಟ್ಟು ಸಾಲ್ಟ್ ಲೇಕ್ ಕ್ರೀಡಾಂಗಣ ಸೇರಿದ ಜನಕ್ಕೆ ಕಂಡಿದ್ದು ಗಣ್ಯರ ಬೆನ್ನು. ಇಪ್ಪತ್ತು ನಿಮಿಷ ಚಿಲ್ಲರೆಗೆ ಮೆಸ್ಸಿ ಹೊರಟುಹೋದರು, ಜನ ಕುರ್ಚಿ ಕಿತ್ತು ಎಸೆದರು, ರಾಜ್ಯದ ಕ್ರೀಡಾ ಮಂತ್ರಿ ಖಾತೆ ಕಳೆದುಕೊಂಡರು. ಊರಲ್ಲಿ 70 ಅಡಿಯ ಮೆಸ್ಸಿ ಪ್ರತಿಮೆ ಬೇರೆ ಎದ್ದಿದೆ. ಪ್ರತಿಮೆಗೆ ಜಾಗ ಇದೆ, ದುಡ್ಡಿದೆ, ಜನ ಇದ್ದಾರೆ. ನಾನು ಮೆಸ್ಸಿಯನ್ನು ಬೈಯುತ್ತಿಲ್ಲ, ಕೈ ಬೀಸಲು ದುಡ್ಡು ಕೊಟ್ಟರೆ ನಾನೂ ಎರಡೂ ಕೈ ಬೀಸುತ್ತೇನೆ.

ದೊಡ್ಡ ಹೆಸರಿನ ಹುಚ್ಚು ಫೆಡರೇಶನ್‌ಗೂ ಕಡಿಮೆ ಇಲ್ಲ. 2025ರ ಜುಲೈನಲ್ಲಿ ರಾಷ್ಟ್ರೀಯ ತಂಡದ ಕೋಚ್ ಹುದ್ದೆಗೆ ಬಾರ್ಸಿಲೋನಾದ ಶಾವಿ ಅರ್ಜಿ ಹಾಕಿದ್ದಾರೆ ಅಂತ ಸುದ್ದಿ ಬಂತು. ದುಬಾರಿಯಾಗುತ್ತಾರೆ ಅಂತ ಬೇಡ ಅಂದರಂತೆ. ಆಮೇಲೆ ನೋಡಿದರೆ ಗ್ವಾರ್ಡಿಯೋಲಾ ಹೆಸರಿನಲ್ಲೂ ಅರ್ಜಿ ಬಂದಿತ್ತು, ಎರಡೂ ಅಸಲಿ ಅಲ್ಲ ಅಂತ ಫೆಡರೇಶನ್ನೇ ಹೇಳಿತು. ಇಮೇಲ್ ಕಳಿಸಿದ್ದು 19 ವರ್ಷದ ಕಾಲೇಜು ಹುಡುಗ ಅಂತ ಪತ್ರಿಕೆಗಳು ಬರೆದವು. ಯುವ ಪ್ರತಿಭೆಯನ್ನು ಫೆಡರೇಶನ್ ಇಷ್ಟು ಗಂಭೀರವಾಗಿ ತಗೊಂಡಿದ್ದು ಅದೇ ಮೊದಲಿರಬೇಕು. ಅಕ್ಟೋಬರ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ ನಡೆಸಲು ಟೆಂಡರ್ ಕರೆದರು ನೋಡಿ, ಅದಕ್ಕೆ ಒಂದೂ ಬಿಡ್ ಬರಲಿಲ್ಲ. ಕೋಚ್ ಕೆಲಸಕ್ಕೆ ಸುಳ್ಳು ಅರ್ಜಿಯಾದರೂ ಬಂತು, ಲೀಗಿಗೆ ಸುಳ್ಳು ಅರ್ಜಿ ಹಾಕುವವರೂ ಗತಿಯಿಲ್ಲ.

ಜ್ಯೋತಿಷಿ ವಿಷಯ ನೆನಪಿದೆಯಾ? 2022ರ ಜೂನ್‌ನಲ್ಲಿ ಅಫ್ಘಾನಿಸ್ತಾನದ ಪಂದ್ಯಕ್ಕೆ ಮುಂಚೆ ಆಗಿನ ಕೋಚ್ ಇಗೊರ್ ಸ್ಟಿಮಾಕ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಗೆ ಕಳಿಸಿ, ಯಾರ ಗ್ರಹ ಹೇಗಿದೆ ಅಂತ ವಿಚಾರಿಸಿಕೊಂಡರು ಎಂಬ ವರದಿ ಮುಂದಿನ ವರ್ಷ ಹೊರಬಂತು. ಆ ಜ್ಯೋತಿಷಿಗೆ ಫೆಡರೇಶನ್ ಲಕ್ಷಗಟ್ಟಲೆ ಕೊಟ್ಟಿತ್ತು ಅಂತಲೂ ಅದರಲ್ಲೇ ಇತ್ತು. ಕ್ರೊಯೇಷಿಯಾದ ಮನುಷ್ಯ, ವಿಶ್ವಕಪ್ ಸೆಮಿಫೈನಲ್ ಆಡಿದವರು, ಇಲ್ಲಿಗೆ ಬಂದು ಮೂರೇ ವರ್ಷದಲ್ಲಿ ಶನಿ, ರಾಹು ಕಲಿತುಬಿಟ್ಟರು. ಬೆಂಗಳೂರಲ್ಲಿ ಹತ್ತು ವರ್ಷ ಇದ್ದವರಿಗೆ ಕನ್ನಡ ಬರುವುದಿಲ್ಲ! ತಮಾಷೆ ಏನೆಂದರೆ ಆ ಪಂದ್ಯ ನಾವು 2-1ರಿಂದ ಗೆದ್ದೆವು. ಈಗ ಏನಂತ ವಾದ ಮಾಡುತ್ತೀರಿ?

ಗೆಲುವಿನ ಅಂತರದ ಮಾತು ಬಂದರೆ, ನಮ್ಮ ಫುಟ್‌ಬಾಲ್‌ನ ಭರ್ಜರಿ ಗೆಲುವು ಬ್ರೂನೈ ಮೇಲಿನ 6-0 ಅಲ್ಲ. 2022ರ ಸೆಪ್ಟೆಂಬರ್‌ನ ಫೆಡರೇಶನ್ ಚುನಾವಣೆ. ಅಧ್ಯಕ್ಷ ಸ್ಥಾನಕ್ಕೆ ಕಲ್ಯಾಣ್ ಚೌಬೆಗೆ 33 ಮತ, ದೇಶದ ತಂಡದ ನಾಯಕರಾಗಿದ್ದ ಬೈಚುಂಗ್ ಭುಟಿಯಾಗೆ 1. ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ನಮ್ಮನ್ನು ಆಗಸ್ಟ್‌ನಲ್ಲಿ ನಿಷೇಧಿಸಿ, ಹತ್ತು ಹನ್ನೊಂದು ದಿನದಲ್ಲಿ ಬಿಟ್ಟಿತ್ತು, ಅದರ ಬೆನ್ನಿಗೇ ಈ ದಾಖಲೆ. ಉಪಾಧ್ಯಕ್ಷರಾಗಿ ಗೆದ್ದವರು ನಮ್ಮ ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್. ಹಾಗಾಗಿ ಕನ್ನಡಿಗರಿಗೆ ಅನ್ಯಾಯ ಅಂತ ಇಲ್ಲಿ ಯಾರೂ ಕೂಗುವ ಹಾಗಿಲ್ಲ.

ಇವರು 2023ರ ಜನವರಿಯಲ್ಲಿ ವಿಷನ್ 2047 ಅಂತ ಒಂದು ನೀಲಿನಕ್ಷೆ ಬಿಡುಗಡೆ ಮಾಡಿದರು. ಅಷ್ಟೊತ್ತಿಗೆ ಏಷ್ಯಾದ ಮೊದಲ ನಾಲ್ಕರಲ್ಲಿ ನಾವಿರಬೇಕು. ದಿನಾಂಕ ಇಡುವುದರಲ್ಲಿ ಇವರ ಜಾಣ್ಮೆ ಮೆಚ್ಚಬೇಕು, ಅಷ್ಟೊತ್ತಿಗೆ ಲೆಕ್ಕ ಕೇಳಲು ನಾವೂ ಇರುವುದಿಲ್ಲ, ಹೇಳಲು ಅವರೂ ಇರುವುದಿಲ್ಲ. ಇರಾನನ್ನು ಸೋಲಿಸಿದ 16ರ ಹುಡುಗನಿಗೆ ಆಗ 38 ಆಗಿರುತ್ತದೆ. ಪರವಾಗಿಲ್ಲ, ಆಡಬಹುದು. ನಿವೃತ್ತಿಯಾಗಿದ್ದ ಸುನಿಲ್ ಚೆಟ್ರಿಯನ್ನು 40ನೇ ವಯಸ್ಸಿನಲ್ಲಿ ವಾಪಸ್ ಕರೆಸಿದ ದೇಶ ಇದು.

ವಯಸ್ಸು ಅಂದಾಗ ನೆನಪಾಯಿತು. ಹುಡುಗರ ಈ ಟೂರ್ನಿಗೆ 2009ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು. ಮಣಿಕಟ್ಟನ್ನು ಸ್ಕ್ಯಾನ್ ಮಾಡಿ ಎಲುಬು ನೋಡುತ್ತಾರೆ. ನಮ್ಮ ಕಡೆ ಹಳ್ಳಿ ಶಾಲೆಗಳಲ್ಲಿ ಅರ್ಧ ತರಗತಿ ಜೂನ್ 1ರಂದೇ ಹುಟ್ಟಿರುತ್ತಿತ್ತು, ಹೆಡ್ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು, ಹುಡುಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ವರ್ಷವನ್ನೂ ತಾವೇ ಹಾಕುತ್ತಿದ್ದರು. ಯಾವ ಸ್ಕ್ಯಾನೂ ಬೇಕಿರಲಿಲ್ಲ.

ಬೆಂಗಳೂರಿಗೆ ಈ ಆಟದಲ್ಲಿ ಹಕ್ಕು ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಎಸ್. ರಾಮನ್ ಈ ಊರಿನವರು. ಇಲ್ಲಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. 2017ರಲ್ಲಿ ನಾವು ಆತಿಥೇಯರು ಅನ್ನುವ ಕಾರಣಕ್ಕೆ 17ರೊಳಗಿನವರ ವಿಶ್ವಕಪ್ ಆಡಿದೆವಲ್ಲ, ಕೊಲಂಬಿಯಾ ಎದುರು 82ನೇ ನಿಮಿಷದಲ್ಲಿ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಒದ್ದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆ ಕೊಟ್ಟ. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು. ದೆಹಲಿಯ ಕ್ರೀಡಾಂಗಣ ಕುಣಿದು ಮುಗಿಸುವ ಮುಂಚೆ, ಮುಂದಿನ ನಿಮಿಷದಲ್ಲೇ, ಕೊಲಂಬಿಯಾ ಇನ್ನೊಂದು ಹೊಡೆದು ಗೆದ್ದಿತು.

ಈಗ ಆ ಸ್ಟಾಲಿನ್ ಥರದ ಹುಡುಗ ಎಲ್ಲಿ ಆಡಬೇಕು? ನಮ್ಮ ಬೀದಿಯ ತುದಿಯಲ್ಲಿ ಒಂದು ಖಾಲಿ ಸೈಟಿತ್ತು, ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು ಹುಡುಗರು ಆಡುತ್ತಿದ್ದರು. ಅಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ, ಸುತ್ತ ಬಲೆ ಕಟ್ಟಿ, ಆ್ಯಪ್‌ನಲ್ಲಿ ಗಂಟೆ ಲೆಕ್ಕಕ್ಕೆ ಕೊಡುತ್ತಾರೆ. ರಾತ್ರಿ ಒಂಬತ್ತಕ್ಕೆ ಆಫೀಸು ಮುಗಿಸಿ ಬಂದವರು ಹತ್ತು ಜನ, ಹತ್ತೂ ಜನ ಹತ್ತನೇ ನಂಬರಿನ ಅಂಗಿ. ಐದು ನಿಮಿಷ ಓಡಿ ಹತ್ತು ನಿಮಿಷ ಸೊಂಟ ಹಿಡಿದು ನಿಲ್ಲುತ್ತಾರೆ. ಹಳೇ ಹುಡುಗರು ಬಲೆಯ ಆಚೆ. ಚೆಂಡು ಹಾರಿ ರಸ್ತೆಗೆ ಬಿದ್ದರೆ ಒಬ್ಬ ಓಡಿಹೋಗಿ, ತಕ್ಷಣ ವಾಪಸ್ ಕೊಡದೆ, ಎರಡು ಸಲ ಮಂಡಿ ಮೇಲೆ ಕುಣಿಸಿ, ಒಬ್ಬ ಸ್ವಿಗ್ಗಿಯವನನ್ನು ದಾಟಿಸಿ, ಆಮೇಲೆ ಒಳಕ್ಕೆ ಒದೆಯುತ್ತಾನೆ. ಒಳಗಿನ ಹತ್ತೂ ಜನರಿಗಿಂತ ಚೆನ್ನಾಗಿ.

ಅವನು ಅಕಸ್ಮಾತ್ ಮೇಲೆ ಬಂದ ಅಂತಿಟ್ಟುಕೊಳ್ಳಿ. ಹದಿನೇಳು ಮುಗಿಯಿತು. ಮುಂದೆ? 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ ನಿಂತಿತು, ಒಪ್ಪಂದ ನವೀಕರಿಸಲಿಲ್ಲ ಅಂತ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ಡಿಸೆಂಬರ್‌ನಲ್ಲಿ ಮುಂಬೈ ಸಿಟಿ ತಂಡದಿಂದ ವಿದೇಶಿ ಮಾಲೀಕರು ಎದ್ದುಹೋದರು. 2026ರ ಜನವರಿಯಲ್ಲಿ ಚೆಟ್ರಿ, ಗುರ್‌ಪ್ರೀತ್, ಜಿಂಗನ್ ಸೇರಿ ಆಟಗಾರರು ಕ್ಯಾಮರಾ ಮುಂದೆ ನಿಂತು, ದಯವಿಟ್ಟು ನಮ್ಮನ್ನು ಆಡಲು ಬಿಡಿ ಅಂತ ಫಿಫಾಗೆ ಮೊರೆಯಿಟ್ಟರು. ದೇಶದ ನಾಯಕನಾಗಿದ್ದ ಮನುಷ್ಯ ಆಡಲಿಕ್ಕೆ ಬೇಡಿಕೊಳ್ಳಬೇಕು. ಸಾಕಾಗಿದೆ ಮಾರಾಯರೇ. ಈ ಹುಡುಗರ ಕೈಲಿ ಇರಾನ್ ಸೋಲಿಸುವ ಕೆಲಸ ಆಯಿತು, ದೊಡ್ಡವರ ಕೈಲಿ ಒಂದು ವೇಳಾಪಟ್ಟಿ ಹಾಕುವ ಕೆಲಸ ಆಗಲಿಲ್ಲ, ಆಮೇಲೆ ನಾವು ಕೂತು ಹುಡುಗರಿಗೆ ದಮ್ ಇದೆಯಾ ಅಂತ ಚರ್ಚೆ ಮಾಡುತ್ತೇವೆ.

ಕೊನೆಗೆ 2026ರ ಫೆಬ್ರವರಿ 14ಕ್ಕೆ ಲೀಗ್ ಶುರು ಅಂತ ಕೇಂದ್ರದ ಕ್ರೀಡಾ ಸಚಿವರು ಹೇಳಿದರು. 14 ತಂಡ, 91 ಪಂದ್ಯ. ಪ್ರೇಮಿಗಳ ದಿನ ಯಾಕೆ ಆರಿಸಿದರೋ, ಇಷ್ಟಾದ ಮೇಲೂ ನೋಡುವವರಿಗೆ ಪ್ರೀತಿ ಇದೆ ಅಂತ ಗೊತ್ತಿರಬೇಕು.

ಇನ್ನು ಸೌದಿಯಲ್ಲಿ ಹುಡುಗರ ಗತಿ ಏನು? ನನ್ನ ಭವಿಷ್ಯ ಕೇಳಿದರೆ ಒಳ್ಳೆಯದೇ, ಅದೂ ಬಿಟ್ಟಿ. ಅದು ನಮಗೆ ಆಗಿಬಂದ ನೆಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿದ್ದು ರಿಯಾದ್‌ನಲ್ಲಿ. ಮೇಘಾಲಯ ಮತ್ತು ಕರ್ನಾಟಕದ ನಡುವಿನ ಆಟ, ನಮ್ಮ ದೇಶದ ರಾಜ್ಯಗಳ ಕಪ್, ಫೈನಲ್ ಅರಬ್ಬರ ಊರಲ್ಲಿ. ಯಾಕೆ ಅಂತ ಕೇಳಬೇಡಿ. 3-2ರಿಂದ ಗೆದ್ದೆವು, ಅಷ್ಟು ಸಾಕು.

ನನ್ನ ಭಯ ಎದುರಾಳಿಗಳದ್ದಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ನಮ್ಮ ತಂಡ ಚೀನಾ ತಲುಪಿದ್ದು ಪಂದ್ಯದ ಹಿಂದಿನ ಸಂಜೆ. ಕ್ಲಬ್‌ಗಳು ಆಟಗಾರರನ್ನು ಬಿಡಲು ಒಲ್ಲೆ ಅಂದವು, ಕೆಲವರಿಗೆ ವೀಸಾ ಬಂದಿರಲಿಲ್ಲ. ಮಾರನೇ ದಿನ 1-5. ಆದ್ದರಿಂದ ಫೆಡರೇಶನ್‌ಗೆ ಒಂದೇ ಅರ್ಜಿ, ಇದು ಅಸಲಿ, ನನ್ನದೇ ಇಮೇಲ್‌ನಿಂದ ಕಳಿಸುತ್ತೇನೆ. ಮೇ ತಿಂಗಳಲ್ಲಿ ಹುಡುಗರನ್ನು ಒಂದು ವಾರ ಮುಂಚೆ ವಿಮಾನ ಹತ್ತಿಸಿ. ಅಧಿಕಾರಿಗಳು ಬೇಕಾದರೆ ಫೈನಲ್ ಮುಗಿದ ಮೇಲೆ ಬರಲಿ.